ನಾಳೆಯ ರೊಟ್ಟಿ, ಇಂದಿನ ಹಿಟ್ಟು

ಒಲೆ ಹೊತ್ತಿಸಿದ ಮೇಲೆಯೇ ಅಡುಗೆ ಆರಂಭವಾಗುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ನಾಳೆಯ ಆಹಾರದ ಒಂದು ಭಾಗವು ಇಂದಿನ ರಾತ್ರಿ, ಮನೆಯವರೆಲ್ಲ ಮಲಗಿರುವಾಗಲೇ ಸಿದ್ಧವಾಗುತ್ತಿರುತ್ತದೆ. ಹಾಗೆ ಮುಂಚಿತವಾಗಿ ಅಣಿಮಾಡುವವರು ಆಯಾ ಧಾನ್ಯದ ಗುಣವನ್ನು ಅರಿತಿರಬೇಕು. ಎಲ್ಲ ಹಿಟ್ಟೂ ಬೆಳಗಿನವರೆಗೆ ಇರಲಾರದು.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ಜೋಳದ ರೊಟ್ಟಿಗೆ ಊಟದಲ್ಲಿ ಮೊದಲ ಸ್ಥಾನ. ಕುದಿಯುವ ಎಸರನ್ನು ಹಿಟ್ಟಿಗೆ ಬೆರೆಸಿ, ನಾದಿ, ಒಡನೆಯೇ ಬಡಿದು ಹಂಚಿಗೆ ಹಾಕುವುದು ಇಲ್ಲಿನ ಪದ್ಧತಿ. ಈ ಅವಸರಕ್ಕೆ ಕಾರಣವಿದೆ. ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಜಿಗುಟು ಪದಾರ್ಥ ಜೋಳದಲ್ಲಿಲ್ಲ. ಬಿಸಿನೀರಿನಿಂದ ಅರೆಬೆಂದ ಪಿಷ್ಟದ ಅಂಟಿನಿಂದಲೇ ರೊಟ್ಟಿ ಹರಿಯದೆ ಅಗಲವಾಗುತ್ತದೆ. ಹೊತ್ತು ಕಳೆದರೆ ಹಿಟ್ಟು ಆರಿ ಬಿರಿಯುತ್ತದೆ. ಆದ್ದರಿಂದ ಇಲ್ಲಿಯ ಗೃಹಿಣಿಯರು ಹಿಟ್ಟನ್ನು ಇಡದೆ ರೊಟ್ಟಿಯನ್ನೇ ಇಡುವ ಉಪಾಯವನ್ನು ಕಂಡುಕೊಂಡರು. ತೇವವೆಲ್ಲ ಆರುವಂತೆ ಬೇಯಿಸಿದ ತೆಳ್ಳನೆಯ ಕಡಕ್ ರೊಟ್ಟಿಯಲ್ಲಿ ಬೂಷ್ಟು ಬೆಳೆಯದು; ಅದು ಅನೇಕ ದಿನ ಬುತ್ತಿಗೆ ಒದಗುತ್ತದೆ.

ದೋಸೆ, ಪಡ್ಡುಗಳ ರೀತಿ ಬೇರೆ. ರುಬ್ಬಿಟ್ಟ ಅಕ್ಕಿ ಉದ್ದಿನ ಹಿಟ್ಟು ರಾತ್ರಿಯಲ್ಲಿ ಹುಳಿಯೇರಿ ಉಬ್ಬುತ್ತದೆ. ಇದು ಕಣ್ಣಿಗೆ ಕಾಣದ ಜೀವಿಗಳ ದುಡಿಮೆ. ಹಾಲು ಹುಳಿಯಾಗುವುದು ಇಂಥ ಜೀವಿಗಳಿಂದಲೇ ಎಂಬ ವಿಚಾರವನ್ನು 1857ರಲ್ಲಿ ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರನು ಮಂಡಿಸಿದನು. ಆದರೆ ಅದಕ್ಕೂ ಬಹಳ ಹಿಂದಿನಿಂದಲೇ ಅಡುಗೆಮನೆಗಳು ಅವುಗಳಿಂದ ಕೆಲಸ ಮಾಡಿಸಿಕೊಳ್ಳುತ್ತಿದ್ದವು.

ಬ್ರೆಡ್ಡಿನಲ್ಲಿ ಈ ಎರಡು ಸಂಗತಿಗಳೂ ಕೂಡಿಬರುತ್ತವೆ. ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಹಿಟ್ಟಿನ ಸಕ್ಕರೆಯನ್ನು ಉಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಗ್ಲೂಟೆನ್ನಿನ ಬಲೆಯು ಆ ಅನಿಲವನ್ನು ಹಿಡಿದಿಡುತ್ತದೆ. ಮನೆಯಲ್ಲಿ ಮಾಡುವವರು ಅರ್ಧ ಕಿಲೋ ಮೈದಾಕ್ಕೆ ಸುಮಾರು 300 ಮಿಲಿಲೀಟರ್ ನೀರು, 10 ಗ್ರಾಂ ಉಪ್ಪು, 2 ಗ್ರಾಂ ಒಣ ಯೀಸ್ಟ್ ಬೆರೆಸಿ ಸಂಜೆ ನಾದಬೇಕು. ಒಂದು ಗಂಟೆ ಹೊರಗಿಟ್ಟು, ಅನಂತರ ಮುಚ್ಚಿದ ಪಾತ್ರೆಯಲ್ಲಿ ಫ್ರಿಜ್ಜಿನೊಳಗೆ 10–12 ಗಂಟೆ ಇಡಬೇಕು. ಪಾತ್ರೆಯು ಹಿಟ್ಟಿನ ಎರಡರಷ್ಟು ದೊಡ್ಡದಿರಲಿ. ಬೆಳಿಗ್ಗೆ ಉಂಡೆಗಳನ್ನು ಮಾಡಿ, ಮತ್ತೆ ಉಬ್ಬಲು ಬಿಟ್ಟು, 200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಹೊಂಬಣ್ಣ ಬರುವವರೆಗೆ ಬೇಯಿಸಿದರೆ ಬಿಸಿ ಬ್ರೆಡ್ಡು ಸಿದ್ಧ. ಉಬ್ಬಿದ ಹಿಟ್ಟನ್ನು ಬೆರಳಿನಿಂದ ಒತ್ತಿದಾಗ ಆದ ತಗ್ಗು ಮೆಲ್ಲಮೆಲ್ಲನೆ ತುಂಬಿಕೊಂಡರೆ ಅದು ಹದಕ್ಕೆ ಬಂದಿದೆಯೆಂದು ತಿಳಿಯಬೇಕು.

ಇಲ್ಲಿ ತಂಪಿನ ಕೆಲಸವೇನು? ಯೀಸ್ಟ್ ಬೆಚ್ಚಗೆ ಇದ್ದಾಗ ಚುರುಕಾಗುತ್ತದೆ, 4–5 ಡಿಗ್ರಿಯಲ್ಲಿ ಬಹಳ ನಿಧಾನವಾಗುತ್ತದೆ. ಆ ನಿಧಾನದಲ್ಲಿ ರುಚಿ ಬೆಳೆಯುತ್ತದೆ. ಬೇಸಿಗೆಯ ರಾತ್ರಿ ಅದೇ ಹಿಟ್ಟನ್ನು ಹೊರಗಿಟ್ಟರೆ ಅದು ಅತಿಯಾಗಿ ಹುಳಿಯಾಗಿ, ಬಲೆ ಸಡಿಲಗೊಂಡು ಕುಸಿಯುತ್ತದೆ. ಇಂಥ ತಂಪು ಹಳ್ಳಿಮನೆಗೆ ದೊರೆಯಬೇಕಾದರೆ ವಿದ್ಯುತ್ತು ಬೇಕು. ಹಳ್ಳಿಗಳಿಗೆ ವಿದ್ಯುತ್ತನ್ನು ಹಂಚಲೆಂದು ಹುಕ್ಕೇರಿಯಲ್ಲಿ 1969ರಲ್ಲಿ ಸಹಕಾರ ಸಂಘವೊಂದು ಹುಟ್ಟಿದ್ದನ್ನು ಈ ಸಂದರ್ಭದಲ್ಲಿ ನೆನೆಯಬಹುದು. ಫ್ರಿಜ್ಜು ಇಲ್ಲದವರು ಯೀಸ್ಟನ್ನು ಕಡಿಮೆ ಮಾಡಿ, ತಣ್ಣೀರಿನಲ್ಲಿ ನಾದಿ, ಪಾತ್ರೆಯನ್ನು ನೀರಿನ ತಟ್ಟೆಯಲ್ಲಿಟ್ಟು, ನಸುಕಿನಲ್ಲಿಯೇ ನೋಡಿಕೊಳ್ಳಬೇಕು.

ನಸುಕಿನಲ್ಲೆದ್ದು ಮನೆಮಂದಿಗೆಲ್ಲ ಉಣಬಡಿಸುವ ಹೊರೆ ಬಹುಕಾಲದಿಂದ ತಾಯಂದಿರ ಮೇಲೆಯೇ ಬಿದ್ದಿದೆ. ಸಂಜೆಯೇ ನಾದಿಟ್ಟ ಹಿಟ್ಟು ಅವರಿಗೆ ಒಂದು ಗಳಿಗೆಯ ಹೆಚ್ಚಿನ ನಿದ್ರೆಯನ್ನು ಕೊಟ್ಟೀತು. ಆ ನಾದುವ ಕೆಲಸಕ್ಕೆ ಮನೆಯ ಗಂಡುಮಕ್ಕಳೂ ಕೈಹಚ್ಚಿದರೆ ವಿಜ್ಞಾನದ ತಿಳಿವಳಿಕೆಯೊಂದಿಗೆ ಸಂಸಾರದ ತಿಳಿವಳಿಕೆಯೂ ಬೆಳೆಯುವುದು.