ಆಟ ಕಟ್ಟುವವರು, ಆಡುವವರು ಮತ್ತು ನಡುವಿನ ಮಾತು

ಚೌಕಾಬಾರಕ್ಕೆ ಅಚ್ಚಾದ ನಿಯಮಾವಳಿ ಇಲ್ಲ. ಐದೈದು ಮನೆಗಳ ಚೌಕ, ನಾಲ್ಕು ಕವಡೆ, ಅವು ಸಿಗದಿದ್ದರೆ ಸೀಳಿದ ಹುಣಸೆಬೀಜ, ಇಷ್ಟಿದ್ದರೆ ಆಟ ಸಿದ್ಧ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಎನ್ನುವವರಿದ್ದಾರೆ. ಅದೇನೂ ಬೇಡ ಎನ್ನುವವರೂ ಇದ್ದಾರೆ. ಆಟಕ್ಕೆ ಕೂಡುವ ಮೊದಲೇ ಇದೆಲ್ಲ ಬಾಯಿಮಾತಿನಲ್ಲಿ ತೀರ್ಮಾನವಾಗುತ್ತದೆ. ತಕರಾರು ಬಂದರೆ ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು ನ್ಯಾಯ ಹೇಳುತ್ತಾರೆ. ಇಲ್ಲಿ ಆಟ ಕಟ್ಟುವವರೂ ಆಡುವವರೂ ಒಬ್ಬರೇ.

ಮುಂಡರಗಿಯ ಓಣಿಯ ಹುಡುಗ ಇಂದು ಮೊಬೈಲಿನಲ್ಲಿ ಆಡುವ ಆಟದ ಸ್ಥಿತಿ ಹಾಗಿಲ್ಲ. ಅದರ ನಿಯಮ ಬರೆದವರು ದಕ್ಷಿಣ ಕೊರಿಯಾದಲ್ಲೋ ಸಿಂಗಪುರದಲ್ಲೋ ಇದ್ದಾರೆ. ಯಾವ ಬಂದೂಕಿಗೆ ಎಷ್ಟು ಶಕ್ತಿ, ಯಾವ ಉಡುಪಿಗೆ ಎಷ್ಟು ಬೆಲೆ ಎಂಬುದನ್ನು ಅವರೇ ಗೊತ್ತುಮಾಡುತ್ತಾರೆ. ರಾತ್ರಿ ಮಲಗುವಾಗ ಇದ್ದ ನಿಯಮ ಬೆಳಿಗ್ಗೆ ಏಳುವಷ್ಟರಲ್ಲಿ ಬದಲಾಗಿರಬಹುದು. ಅದು ಸರಿಯಲ್ಲ ಎನಿಸಿದರೆ ಆಟಗಾರ ಯಾರನ್ನು ಕೇಳಬೇಕು? ಆಟದ ಕಂಪನಿಗೂ ಆಟಗಾರರ ಸಮುದಾಯಕ್ಕೂ ನಡುವಿನ ಮಾತುಕತೆ ಹೇಗೆ ನಡೆಯುತ್ತದೆ, ಅದು ಮುರಿದರೆ ಏನಾಗುತ್ತದೆ ಎಂಬುದು ಆಟದ ಹುಚ್ಚಿನವರ ಪ್ರಶ್ನೆ ಮಾತ್ರವಲ್ಲ. ಮಕ್ಕಳ ಹೊತ್ತು, ಹೆತ್ತವರ ದುಡ್ಡು ಎರಡೂ ಇದರಲ್ಲಿ ಸೇರಿವೆ.

ವಸ್ತುವಲ್ಲ, ಪರವಾನಗಿ

ಎಂಬತ್ತರ ದಶಕದಲ್ಲಿ ವಿಡಿಯೋ ಗೇಮ್ ಒಂದು ವಸ್ತುವಾಗಿತ್ತು. ಅಂಗಡಿಯಲ್ಲಿ ಕ್ಯಾಸೆಟ್ಟಿನಂತಹ ಡಬ್ಬಿಯನ್ನು ಕೊಂಡು ತಂದರೆ ಅದು ಕೊಂಡವನ ಸ್ವತ್ತು. ಅದರಲ್ಲಿ ದೋಷವಿದ್ದರೆ ಅದೂ ಕೊನೆಯವರೆಗೆ ಉಳಿಯುತ್ತಿತ್ತು. ಜಪಾನಿನ ನಿಂಟೆಂಡೊ ಕಂಪನಿ ಅಮೆರಿಕದ ಮಕ್ಕಳಿಗಾಗಿ ಆ ದಶಕದಲ್ಲಿ ದೂರವಾಣಿ ಸಲಹೆಗಾರರನ್ನು ನೇಮಿಸಿತ್ತು. 1988ರಲ್ಲಿ 'ನಿಂಟೆಂಡೊ ಪವರ್' ಎಂಬ ಪತ್ರಿಕೆಯನ್ನೂ ಆರಂಭಿಸಿತು. ಆಟದಲ್ಲಿ ಸಿಕ್ಕಿಹಾಕಿಕೊಂಡವರಿಗೆ ದಾರಿ ಹೇಳುವುದು ಇವುಗಳ ಮುಖ್ಯ ಕೆಲಸ. ಆಟವನ್ನೇ ಬದಲಿಸಿ ಎಂದು ಕೇಳುವ ಕಾಲ ಅದಾಗಿರಲಿಲ್ಲ.

ಈಗ ಆಟದ ಜೀವ ಇರುವುದು ಕಂಪನಿಯ ಕಂಪ್ಯೂಟರಿನಲ್ಲಿ. ಆಟಗಾರ ಕೊಳ್ಳುವುದು ವಸ್ತುವನ್ನಲ್ಲ, ಆಡುವ ಪರವಾನಗಿಯನ್ನು. ಯೂಬಿಸಾಫ್ಟ್ ಎಂಬ ಫ್ರೆಂಚ್ ಕಂಪನಿ 2014ರಲ್ಲಿ ಹೊರತಂದಿದ್ದ 'ದಿ ಕ್ರೂ' ಎಂಬ ಕಾರು ಓಟದ ಆಟವನ್ನು 2024ರ ಮಾರ್ಚ್ 31ರಂದು ನಿಲ್ಲಿಸಿತು. ಹಣ ಕೊಟ್ಟು ಕೊಂಡವರಿಗೂ ಅದು ಮತ್ತೆ ತೆರೆಯಲಿಲ್ಲ. ಈ ಪ್ರಕರಣದಿಂದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಎಂಬ ಚಳವಳಿ ಹುಟ್ಟಿತು. ಮಾರಿದ ಆಟವನ್ನು ಹೀಗೆ ಕೊಲ್ಲಬಾರದು ಎಂದು ಯುರೋಪಿಯನ್ ಒಕ್ಕೂಟಕ್ಕೆ ಸಲ್ಲಿಸುವ ನಾಗರಿಕರ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು.

ಆಟಗಾರನೇ ಕರ್ತೃವಾದಾಗ

ಕಂಪನಿಗಳು ಆಟಗಾರರ ಮಾತಿಗೆ ಕಿವಿಗೊಡುವುದು ಔದಾರ್ಯದಿಂದಲ್ಲ. ಒಳ್ಳೆಯ ಆಟಗಳು ಎಷ್ಟೋ ಸಲ ಆಟಗಾರರ ಕೈಯಲ್ಲೇ ಹುಟ್ಟಿವೆ. ನಮ್ಮಲ್ಲಿ ಮನೆಮಾತಾದ ಪಬ್‌ಜಿಯೇ ಇದಕ್ಕೆ ನಿದರ್ಶನ. ಅದರ ಕಲ್ಪನೆ ಐರ್ಲೆಂಡಿನ ಬ್ರೆಂಡನ್ ಗ್ರೀನ್ ಅವರದು. ಅವರು ಯಾವ ಆಟದ ಕಂಪನಿಯ ನೌಕರರೂ ಆಗಿರಲಿಲ್ಲ. 'ಆರ್ಮಾ' ಎಂಬ ಯುದ್ಧದ ಆಟವನ್ನು ತಮಗೆ ಬೇಕಾದಂತೆ ತಿದ್ದಿ, ಕೊನೆಗೆ ಒಬ್ಬನೇ ಉಳಿಯುವ ಹೊಸ ಬಗೆಯೊಂದನ್ನು ರೂಪಿಸಿದರು. ಕೊರಿಯಾದ ಬ್ಲೂಹೋಲ್ ಕಂಪನಿ ಅವರನ್ನು ಕರೆಸಿಕೊಂಡಿತು. 2017ರ ಮಾರ್ಚ್‌ನಲ್ಲಿ ಆಟ ಅರೆಸಿದ್ಧ ಸ್ಥಿತಿಯಲ್ಲೇ ಮಾರಾಟಕ್ಕೆ ಬಂತು. ಆಡಿದವರು ಹೇಳಿದ ಕುಂದುಕೊರತೆಗಳನ್ನು ತಿದ್ದುತ್ತ ಡಿಸೆಂಬರ್‌ನಲ್ಲಿ ಪೂರ್ಣರೂಪ ಹೊರಬಂತು.

ಮಾತಿನ ದಾರಿಗಳು

ಗದಗ ಸೀಮೆಯಲ್ಲಿ ಕಂಪನಿ ನಾಟಕ ನೋಡಿದವರಿಗೆ 'ಒನ್ಸ್ ಮೋರ್' ಕೂಗು ಗೊತ್ತು. ಹಾಡು ಹಿಡಿಸಿದರೆ ಪ್ರೇಕ್ಷಕ ಕೂಗುತ್ತಿದ್ದ, ನಟ ಮತ್ತೆ ಹಾಡುತ್ತಿದ್ದ. ಹಿಡಿಸದಿದ್ದರೆ ಸೀಟಿ ಬೀಳುತ್ತಿತ್ತು. ಕೋಟ್ಯಂತರ ಜನ ಬೇರೆ ಬೇರೆ ದೇಶಗಳಲ್ಲಿ ಕುಳಿತು ಆಡುವ ಆಟದಲ್ಲಿ ಈ ಕೂಗು ಕೇಳಿಸಲು ಬೇರೆ ದಾರಿ ಬೇಕು.

ಮೊದಲನೆಯದು ಅಂಕಿಗಳ ದಾರಿ. ಎಷ್ಟು ಜನ ಎಲ್ಲಿ ಸೋತರು, ಯಾವ ಆಯುಧ ಹೆಚ್ಚು ಬಳಸಿದರು, ಯಾವ ಹಂತದಲ್ಲಿ ಆಟ ಬಿಟ್ಟರು ಎಂಬುದನ್ನೆಲ್ಲ ಆಟವೇ ದಾಖಲಿಸಿ ಕಂಪನಿಗೆ ಕಳಿಸುತ್ತದೆ. ಆಟಗಾರ ಬಾಯಿ ತೆರೆಯದೆಯೇ ಮಾತಾಡಿದಂತೆ. ಆದರೆ ಏಕೆ ಬಿಟ್ಟರು ಎಂಬುದು ಅಂಕಿಗಳಿಂದ ತಿಳಿಯುವುದಿಲ್ಲ. ಅದಕ್ಕಾಗಿಯೇ ಎರಡನೆಯ ದಾರಿ ಇದೆ: ಬಿಡುಗಡೆಗೆ ಮೊದಲು ಕೆಲವರಿಗೆ ಆಡಲು ಕೊಟ್ಟು ಅಭಿಪ್ರಾಯ ಕೇಳುವ ಪರೀಕ್ಷಾ ಆವೃತ್ತಿ. ಮೂರನೆಯದು ಪ್ರತಿ ಪರಿಷ್ಕರಣೆಯ ಜೊತೆ ಪ್ರಕಟವಾಗುವ ಟಿಪ್ಪಣಿ; ಏನು ಬದಲಾಯಿತು, ಏಕೆ ಬದಲಾಯಿತು ಎಂಬ ವಿವರ ಅದರಲ್ಲಿರುತ್ತದೆ. ನಾಲ್ಕನೆಯದು ಇದಕ್ಕೆಂದೇ ನೇಮಕವಾದ ನೌಕರ. ಅವನ ಹುದ್ದೆಗೆ 'ಕಮ್ಯುನಿಟಿ ಮ್ಯಾನೇಜರ್' ಎಂದು ಹೆಸರು. ಆಟಗಾರರ ಸಿಟ್ಟನ್ನು ಕಂಪನಿಗೆ, ಕಂಪನಿಯ ಕಷ್ಟವನ್ನು ಆಟಗಾರರಿಗೆ ತಿಳಿಸುವುದು ಅವನ ಕೆಲಸ. ತೀರ್ಮಾನ ಅವನ ಕೈಯಲ್ಲಿ ಇರುವುದಿಲ್ಲ. ಬೈಗುಳ ಮಾತ್ರ ಅವನ ಪಾಲಿಗೆ ಬರುತ್ತದೆ.

ಮಾತು ಕೆಟ್ಟಾಗ

ಮಾತು ತಪ್ಪಿದರೆ ಎಂಥ ಕಂಪನಿಯೂ ತಲೆಬಾಗಬೇಕಾಗುತ್ತದೆ. 2017ರ ನವೆಂಬರ್‌ನಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2' ಆಟ ಬಿಡುಗಡೆಗೆ ಸಿದ್ಧವಾಗಿತ್ತು. ಪೂರ್ತಿ ಬೆಲೆ ಕೊಟ್ಟು ಕೊಂಡರೂ ಅದರ ಹೆಸರಾಂತ ಪಾತ್ರಗಳು ಸಿಗಬೇಕಾದರೆ ಹತ್ತಾರು ಗಂಟೆ ಆಡಬೇಕಿತ್ತು. ಜನ ಕೇಳಿದರು. ಪಾತ್ರವನ್ನು ಶ್ರಮದಿಂದ ಗಳಿಸಿದ ಹೆಮ್ಮೆ ಆಟಗಾರನಿಗೆ ಸಿಗಲೆಂದು ಹೀಗೆ ಮಾಡಿದ್ದೇವೆ ಎಂಬರ್ಥದ ಉತ್ತರ ಬಂತು. ಆ ಒಂದು ಉತ್ತರಕ್ಕೆ 6 ಲಕ್ಷಕ್ಕೂ ಹೆಚ್ಚು ಅಸಮ್ಮತಿಯ ಮತಗಳು ಬಿದ್ದವು. ಕಂಪನಿ ಮೊದಲು ಪಾತ್ರಗಳ ಬೆಲೆಯನ್ನು ಶೇ 75ರಷ್ಟು ಇಳಿಸಿತು; ಬಿಡುಗಡೆಯ ಮುನ್ನಾದಿನ ಆಟದೊಳಗಿನ ಹಣದ ಖರೀದಿಯನ್ನೇ ತಾತ್ಕಾಲಿಕವಾಗಿ ತೆಗೆದುಹಾಕಿತು.

ಅತಿಯಾದ ಮಾತೂ ಅಪಾಯವೇ. ಬ್ರಿಟನ್ನಿನ ಹಲೋ ಗೇಮ್ಸ್ ಎಂಬ ಸಣ್ಣ ಕಂಪನಿ 'ನೋ ಮ್ಯಾನ್ಸ್ ಸ್ಕೈ' ಆಟದ ಬಗ್ಗೆ ಆಶೆ ಹುಟ್ಟಿಸುವ ಮಾತುಗಳನ್ನಾಡಿತ್ತು. 2016ರ ಆಗಸ್ಟ್‌ನಲ್ಲಿ ಆಟ ಬಂದಾಗ ಅವುಗಳಲ್ಲಿ ಹಲವು ಕಾಣಲಿಲ್ಲ. ಜನ ರೇಗಿದರು, ಕಂಪನಿ ಬಾಯಿ ಮುಚ್ಚಿತು. ಆದರೆ ಕೆಲಸ ನಿಲ್ಲಿಸಲಿಲ್ಲ. ನವೆಂಬರ್‌ನಿಂದ ಒಂದೊಂದಾಗಿ ಉಚಿತ ಪರಿಷ್ಕರಣೆಗಳನ್ನು ಕೊಡುತ್ತ ಬಂತು. 2018ರಲ್ಲಿ ಹಲವರು ಜೊತೆಗೂಡಿ ಆಡುವ ಸೌಲಭ್ಯವೂ ಬಂತು. ಕಳೆದ ವಿಶ್ವಾಸ ಮಾತಿನಿಂದಲ್ಲ, ಮಾಡಿ ತೋರಿಸಿದ್ದರಿಂದ ಮರಳಿತು.

ನಡುವೆ ಸರ್ಕಾರ

ನಮ್ಮ ದೇಶದಲ್ಲಿ ಈ ಸಂಬಂಧಕ್ಕೆ ಮೂರನೆಯವರೊಬ್ಬರು ಇದ್ದಾರೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿದಂತೆ 118 ಆ್ಯಪ್‌ಗಳನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ನಿಷೇಧಿಸಿತು. ಮೊಬೈಲ್ ಆವೃತ್ತಿಯನ್ನು ಇಲ್ಲಿ ನಡೆಸುತ್ತಿದ್ದುದು ಚೀನಾದ ಟೆನ್ಸೆಂಟ್ ಕಂಪನಿ. ಕೊರಿಯಾದ ಮೂಲ ಕಂಪನಿ ಟೆನ್ಸೆಂಟ್‌ನಿಂದ ಭಾರತದ ಹಕ್ಕನ್ನು ಹಿಂತೆಗೆದುಕೊಂಡಿತು. ಮುಂದೆ ಕ್ರಾಫ್ಟನ್ ಹೆಸರಿನಲ್ಲಿ 2021ರ ಜುಲೈ 2ರಂದು 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಎಂಬ ಹೊಸ ಆಟ ಬಂತು.

ಅದರಲ್ಲಿ ರಕ್ತದ ಬಣ್ಣ ಹಸಿರಾಯಿತು. 18 ವರ್ಷದೊಳಗಿನವರಿಗೆ ದಿನಕ್ಕೆ ಮೂರೇ ಗಂಟೆ ಎಂಬ ಮಿತಿ ಬಂತು. ಇವು ಆಟಗಾರರು ಕೇಳಿದ ಬದಲಾವಣೆಗಳಲ್ಲ. ಆಟಗಾರರ ಪ್ರಶ್ನೆ ಬೇರೆಯೇ ಇತ್ತು: ಹಳೆಯ ಆಟದಲ್ಲಿ ದುಡ್ಡು ಕೊಟ್ಟು ಕೊಂಡ ಉಡುಪು, ಆಯುಧ, ಗಳಿಸಿದ ದರ್ಜೆ ಎಲ್ಲ ಹೋದವೇ? ಕಂಪನಿ ಇದಕ್ಕೆ ಉತ್ತರ ಕೊಟ್ಟಿತು. ಹಳೆಯ ಖಾತೆಯ ಗಳಿಕೆಯನ್ನು ಹೊಸದಕ್ಕೆ ವರ್ಗಾಯಿಸಲು ಕಾಲಾವಕಾಶ ನೀಡಿತು.

ಆದರೆ 2022ರ ಜುಲೈ 28ರಂದು ಸರ್ಕಾರದ ಆದೇಶದಂತೆ ಆ ಆಟವೂ ಆ್ಯಪ್ ಅಂಗಡಿಗಳಿಂದ ಮಾಯವಾಯಿತು. ಆಗ ನೋಂದಾಯಿತ ಆಟಗಾರರ ಸಂಖ್ಯೆ 10 ಕೋಟಿ ದಾಟಿದೆಯೆಂದು ಕಂಪನಿ ಅದೇ ತಿಂಗಳು ಹೇಳಿಕೊಂಡಿತ್ತು. ಆಟ ಮರಳಿದ್ದು ಹತ್ತು ತಿಂಗಳ ಮೇಲೆ, 2023ರ ಮೇ ಕೊನೆಯಲ್ಲಿ. ಅದೂ ಮೊದಲು ಮೂರು ತಿಂಗಳ ಪರೀಕ್ಷಾರ್ಥ ಒಪ್ಪಿಗೆಯೊಂದಿಗೆ. ವಯಸ್ಕರಿಗೂ ದಿನಕ್ಕೆ ಆರು ಗಂಟೆಯ ಮಿತಿ ಸೇರಿತು. ಕಂಪನಿಗೂ ಸರ್ಕಾರಕ್ಕೂ ಮಾತುಕತೆ ನಡೆಯಿತು. ಆಟಗಾರ ಕಾಯುತ್ತ ಕುಳಿತ. ರಕ್ಷಣೆಯ ಕಾರಣಗಳನ್ನು ಸಂತೆಯಲ್ಲಿ ಬಿಚ್ಚಿಡಲಾಗದು, ನಿಜ. ಆದರೆ ಹಣ ಹೂಡಿದವನಿಗೆ ಮುಂದೇನು ಎಂದು ತಿಳಿಸುವ ಹೊಣೆ ಯಾರದೂ ಆಗಲಿಲ್ಲ.

ಬೆಂಗಳೂರು ಹತ್ತಿರ, ಕಂಪನಿ ದೂರ

ಆಟದ ಉದ್ಯಮ ಕರ್ನಾಟಕಕ್ಕೆ ಹೊಸದಲ್ಲ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು ಕಟ್ಟಿದರು. ಅದು ಭಾರತದ ಮೊದಲ ಆಟದ ಕಂಪನಿಗಳಲ್ಲೊಂದು. ವಿದೇಶಿ ಕಂಪನಿಗಳ ಆಟಗಳಿಗೆ ಕಾರು, ಕಟ್ಟಡ, ದೃಶ್ಯಗಳನ್ನು ಬರೆದುಕೊಡುವುದು ಅದರ ಮುಖ್ಯ ಕಸುಬಾಗಿತ್ತು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡಿತು. ಕ್ರಾಫ್ಟನ್‌ನ ಭಾರತದ ಕಚೇರಿಯೂ ಬೆಂಗಳೂರಿನಲ್ಲೇ ಇದೆ. ಇಲ್ಲಿಯ ಕೈಗಳು ಆಟ ಕಟ್ಟುತ್ತಿವೆ, ಇಲ್ಲಿಯ ಮಕ್ಕಳು ಆಡುತ್ತಿದ್ದಾರೆ. ಆದರೆ ಇಬ್ಬರ ನಡುವಿನ ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಸ್ವಲ್ಪ ಹಿಂದಿಯಲ್ಲಿ ನಡೆಯುತ್ತದೆ. ಕನ್ನಡದಲ್ಲಿ ಓದುವ ಹುಡುಗನಿಗೆ ಬದಲಾವಣೆಯ ಟಿಪ್ಪಣಿಯೂ ತಿಳಿಯದು, ದೂರಿನ ಅರ್ಜಿಯೂ ತಿಳಿಯದು. ಅವನ ಹೊತ್ತು, ಹಣ ಕಂಪನಿಯ ಅಂಕಿಗಳಲ್ಲಿ ಸೇರುತ್ತವೆ, ಮಾತು ಸೇರುವುದಿಲ್ಲ.

ಅಲ್ಲಿಯವರೆಗೆ ಹೆತ್ತವರಿಗೆ ಒಂದೆರಡು ದಾರಿಗಳಿವೆ. ಆಟದೊಳಗೆ ಹಣ ತೆತ್ತಿದ್ದರೆ ಅದರ ರಸೀದಿಯನ್ನು ಉಳಿಸಿಕೊಳ್ಳಬೇಕು. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತವಾಗಿ ದೂರಬೇಕು. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಬಹುದು. ಅಲ್ಲಿ ಕನ್ನಡ ಸೇರಿದಂತೆ 17 ಭಾಷೆಗಳಲ್ಲಿ ದೂರು ತೆಗೆದುಕೊಳ್ಳುತ್ತಾರೆ. ಎಲ್ಲಕ್ಕಿಂತ ಮೊದಲು, ಮಗ ಆಡುವ ಆಟದ ನಿಯಮವೇನು ಎಂದು ಅವನನ್ನೇ ಕೇಳಿ ತಿಳಿಯುವುದು ಲೇಸು. ದೂರದ ಕಂಪನಿ ಅವನನ್ನು ಕೇಳಲಿಕ್ಕಿಲ್ಲ, ಮನೆಯವರು ಕೇಳಬಹುದು.