ಮರಿ ಆರಿಸಿದ ಒಲೆ

2025ರ ಏಪ್ರಿಲ್‌ನಲ್ಲಿ ಅಮೆರಿಕದ ಕಂಪನಿಯೊಂದು ಹಿಮಯುಗದ ‘ಡೈರ್ ತೋಳ’ವನ್ನು ಮರಳಿ ತಂದಿದ್ದೇವೆ ಎಂದು ಸಾರಿತು. ಬೂದು ತೋಳದ ಹದಿನಾಲ್ಕು ಜೀನುಗಳನ್ನು ತಿದ್ದಿದ ಮಾತ್ರಕ್ಕೆ ಅದು ಡೈರ್ ತೋಳವಾದೀತೇ ಎಂದು ವಿಜ್ಞಾನಿಗಳು ತಕ್ಷಣ ಜಗಳಕ್ಕಿಳಿದರು. ಇಂಥ ಸುದ್ದಿ ಬಂದಾಗಲೆಲ್ಲ ನನಗೆ ನೆನಪಾಗುವುದು ಆಸ್ಟ್ರೇಲಿಯದ ಒಂದು ಕೆಸರುಬಣ್ಣದ ಕಪ್ಪೆ. ತೋಳಕ್ಕೆ ಸಿಕ್ಕ ಪ್ರಚಾರದ ನೂರರಲ್ಲೊಂದು ಪಾಲೂ ಅದಕ್ಕೆ ಸಿಗಲಿಲ್ಲ.

ಹೆಸರು ರಿಯೊಬ್ಯಾಟ್ರಾಕಸ್ ಸೈಲಸ್. ಕ್ವೀನ್ಸ್‌ಲ್ಯಾಂಡ್‌ನ ಬೆಟ್ಟದ ಹಳ್ಳಗಳಲ್ಲಿ ಕಲ್ಲುಗಳ ಸಂದಿಯಲ್ಲಿರುತ್ತಿತ್ತು. 1973ರಲ್ಲಿ ಡೇವಿಡ್ ಲೀಮ್ ಇದನ್ನು ಹೊಸ ಪ್ರಭೇದವೆಂದು ವರ್ಣಿಸಿದರು. ಆಗ ಅದರ ನಿಜವಾದ ವಿಶೇಷ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ತೊಟ್ಟಿಯಲ್ಲಿ ಸಾಕಿದ್ದ ಹೆಣ್ಣೊಂದರ ಬಾಯಿಂದ ಜೀವಂತ ಮರಿಗಳು ಹೊರಬಂದವು! ಕಾರ್ಬೆನ್, ಇಂಗ್ರಾಮ್ ಮತ್ತು ಟೈಲರ್ 1974ರಲ್ಲಿ ಇದನ್ನು ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು.

ಮರಿ ನೋಡಿಕೊಳ್ಳುವ ಕಪ್ಪೆಗಳೇನೋ ಬೇಕಾದಷ್ಟಿವೆ. ನಮ್ಮ ಪಶ್ಚಿಮಘಟ್ಟದ ಕುಂಬಾರ ಕಪ್ಪೆಯ ಗಂಡು ಹಿಂಗಾಲ ಮೇಲೆ ನಿಂತು, ಮೊಟ್ಟೆಗಳಿಗೆ ಮುಂಗೈಯಿಂದ ಮಣ್ಣು ಮೆತ್ತುತ್ತದೆ. ಗುರುರಾಜ ಮತ್ತು ಸಂಗಡಿಗರು ಅದನ್ನು ಲೋಕಕ್ಕೆ ಪರಿಚಯಿಸಿದ್ದು 2014ರಲ್ಲಿ. ಆದರೆ ಫಲಿತ ಮೊಟ್ಟೆಗಳನ್ನು ನುಂಗಿ, ಸುಮಾರು ಆರೇಳು ವಾರ ಉಪವಾಸವಿದ್ದು, ಇಪ್ಪತ್ತರ ಆಸುಪಾಸು ಮರಿಗಳನ್ನು ಜಠರದಲ್ಲಿ ಬೆಳೆಸಿ ಬಾಯಿಂದ ಹೆರುವುದು ಬೇರೆಯದೇ ಮಾತು. ಹೊಟ್ಟೆ ಎಷ್ಟು ಉಬ್ಬುತ್ತಿತ್ತೆಂದರೆ ಶ್ವಾಸಕೋಶ ಮುದುಡಿಹೋಗಿ, ತಾಯಿ ಚರ್ಮದಿಂದಲೇ ಉಸಿರಾಡಬೇಕಾಗುತ್ತಿತ್ತು.

ಜಠರವೆಂದರೆ ಆಮ್ಲ ತುಂಬಿದ ಚೀಲ. ಹುಳುವನ್ನು ಕರಗಿಸುವ ಆಮ್ಲ ಮರಿಯನ್ನೇಕೆ ಬಿಟ್ಟೀತು? ಉರಿಯುವ ಒಲೆಯೊಳಗೆ ತೊಟ್ಟಿಲು ಕಟ್ಟುವ ಕೆಲಸವಿದು. ಮೊದಲು ಒಲೆ ಆರಬೇಕು, ವಾರಗಟ್ಟಲೆ ಆರಿಯೇ ಇರಬೇಕು, ಮಕ್ಕಳು ಎದ್ದುಹೋದ ಮೇಲೆ ಮತ್ತೆ ಹೊತ್ತಿಕೊಳ್ಳಬೇಕು. ಹಾಗಾದರೆ ಆರಿಸುವವರು ಯಾರು? ತಾಯಿಯೇ ಇರಬೇಕು ಎಂದು ಯಾರಿಗಾದರೂ ತೋಚುತ್ತದೆ. 1983ರಲ್ಲಿ ಟೈಲರ್ ತಂಡ ಕೊಟ್ಟ ಉತ್ತರ ತಿರುವುಮುರುವಾಗಿತ್ತು. ಬೆಳೆಯುತ್ತಿದ್ದ ಮರಿಗಳು ಹೊರಬಿಡುತ್ತಿದ್ದ ವಸ್ತುವೊಂದು ಆಮ್ಲದ ಸ್ರವಿಕೆಯನ್ನು ತಡೆಯುತ್ತಿತ್ತು. ಆ ವಸ್ತು ಪ್ರೊಸ್ಟಗ್ಲಾಂಡಿನ್ ಇ2. ಮೊಟ್ಟೆಯ ಲೋಳೆಯಲ್ಲೂ ಅದೇ ಇತ್ತು. ತೊಟ್ಟಿಲಲ್ಲಿದ್ದ ಕೂಸೇ ಒಲೆ ಆರಿಸಿತ್ತು.

ಮರಿಗಳ ಬಳಿ ರಾಸಾಯನಿಕ ಭಾಷೆ ಇರುವುದು ಅಚ್ಚರಿಯೇನಲ್ಲ. ಗೊದಮೊಟ್ಟೆಗಳು ಹೆಚ್ಚಿನ ವ್ಯವಹಾರವನ್ನು ನೀರಿನ ವಾಸನೆಯಲ್ಲೇ ನಡೆಸುತ್ತವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೈದಾಪುರ, ಶಾನಭಾಗ ಮತ್ತು ಅವರ ವಿದ್ಯಾರ್ಥಿಗಳು ವರ್ಷಾನುಗಟ್ಟಲೆ ಇದನ್ನೇ ಪರೀಕ್ಷಿಸಿದರು. ಬೇಟೆಗಾರ ಕಣ್ಣಿಗೆ ಬೀಳಬೇಕಾಗಿಲ್ಲ, ಅದರ ವಾಸನೆಯಿದ್ದ ನೀರು ತಾಗಿದರೆ ಸಾಕು, ಗೊದಮೊಟ್ಟೆಗಳು ಓಡಾಟ ತಗ್ಗಿಸುತ್ತವೆ. ಆದರೆ ಅಲ್ಲಿ ಮರಿ ಕೇಳಿಸಿಕೊಳ್ಳುತ್ತದೆ. ಆಸ್ಟ್ರೇಲಿಯದ ಮರಿ ತಾಯಿಯ ದೇಹಕ್ಕೇ ಅಪ್ಪಣೆ ಕೊಡುತ್ತಿತ್ತು.

ಸಂಶೋಧನೆ ಇಲ್ಲಿಗೆ ಬರುವಷ್ಟರಲ್ಲಿ ಕಾಡಿನಲ್ಲಿ ಕಪ್ಪೆಯೇ ಇರಲಿಲ್ಲ. 1981ರ ನಂತರ ಅಲ್ಲಿ ಯಾರೂ ಅದನ್ನು ಕಾಣಲಿಲ್ಲ. ಸಾಕಿದ್ದ ಕೊನೆಯದು 1983ರಲ್ಲಿ ಸತ್ತಿತು. 1984ರಲ್ಲಿ ಉತ್ತರಕ್ಕೆ ಯುಂಗೆಲ್ಲ ಕಾಡಿನಲ್ಲಿ ಇದರ ಸೋದರ ಪ್ರಭೇದ ಸಿಕ್ಕಿತು, ಮರುವರ್ಷವೇ ಅದೂ ಮಾಯ. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರದ ಮೇಲೆ ಬಲವಾದ ಗುಮಾನಿಯಿದೆ.

‘ಈ ಕಪ್ಪೆಯ ಜೊತೆ ಹೊಟ್ಟೆಹುಣ್ಣಿನ ಮದ್ದೂ ಹೋಯಿತು’ ಎಂದು ಅಂದಿನಿಂದ ಬರೆಯುತ್ತಲೇ ಇದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಪ್ರೊಸ್ಟಗ್ಲಾಂಡಿನ್ ನಮ್ಮ ಜಠರದಲ್ಲೂ ಇದೆ, ಅದರ ಮಾದರಿಯ ಮಿಸೊಪ್ರೊಸ್ಟಾಲ್ ಎಂಬ ಔಷಧಿ ಕಪ್ಪೆಯ ಹಂಗಿಲ್ಲದೆ ಬಂದಿದೆ. ಹುಣ್ಣಿನ ದೊಡ್ಡ ಕಾರಣ ಬ್ಯಾಕ್ಟೀರಿಯ ಎಂದು ತೋರಿಸಿದ ಮಾರ್ಷಲ್ ಮತ್ತು ವಾರನ್ ಕೂಡ ಅದೇ ಆಸ್ಟ್ರೇಲಿಯದವರು, ಅದೇ ಎಂಬತ್ತರ ದಶಕದವರು. ಮನುಷ್ಯನಿಗೆ ಮಾತ್ರೆ ಕೊಟ್ಟರಷ್ಟೇ ಕಪ್ಪೆಗೆ ಬೆಲೆ ಎಂಬ ಲೆಕ್ಕವೇ ನನಗೆ ಹಿಡಿಸದು.

ತೋಳದಂತೆ ಈ ಕಪ್ಪೆಯನ್ನೂ ಮರಳಿ ತರುವ ಯತ್ನ ನಡೆಯಿತು. ಅದನ್ನು 2013ರಲ್ಲಿ ಪ್ರಕಟಿಸಿದ ವಿಜ್ಞಾನಿ ಮೈಕ್ ಆರ್ಚರ್ ಅವರ ತಂಡ ಫ್ರೀಜರಿನಲ್ಲಿದ್ದ ಹಳೆಯ ಅಂಗಾಂಶದಿಂದ ಜೀವಕೋಶದ ಕೇಂದ್ರಗಳನ್ನು ತೆಗೆದು ಬೇರೊಂದು ಕಪ್ಪೆಯ ಮೊಟ್ಟೆಗಿಟ್ಟಿತು. ಯೋಜನೆಯ ಹೆಸರು ಲಾಜರಸ್, ಸತ್ತು ಎದ್ದು ಬಂದ ಬೈಬಲ್ಲಿನ ವ್ಯಕ್ತಿಯದು. ಭ್ರೂಣಗಳು ಕೆಲ ದಿನ ವಿಭಜನೆಗೊಂಡು ಸತ್ತವು, ಒಂದೂ ಗೊದಮೊಟ್ಟೆಯ ಹಂತ ಮುಟ್ಟಲಿಲ್ಲ.