ಹೊಸ ಟಿವಿಯೂ ಹಳೆಯ ಚಿತ್ರವೂ

ಕಳೆದ ದೀಪಾವಳಿಗೆ ಡೊಂಬಿವಲಿಯ ನಮ್ಮ ಮನೆಗೆ 43 ಇಂಚಿನ ಹೊಸ ಟಿವಿ ಬಂದಿತು. ಹಬ್ಬದ ಊಟವಾದ ತರುವಾಯ ಎಲ್ಲರೂ ಕೂಡಿ ನೋಡಲೆಂದು ಹಳೆಯ ಡಿವಿಡಿಯೊಂದನ್ನು ಹಾಕಿದೆವು. 1988ರಲ್ಲಿ ಧಾರವಾಡದಲ್ಲಿ ನಡೆದ ನಮ್ಮ ಅಕ್ಕನ ಮದುವೆಯ ಕ್ಯಾಸೆಟ್ಟಿನಿಂದ ಮಾಡಿಸಿದ್ದು ಅದು. ತೀರಿಹೋದ ನಮ್ಮ ಅವ್ವ ನಡೆದಾಡುವುದನ್ನು ಕಾಣಲು ಉಳಿದಿರುವುದು ಅದೊಂದೇ. ಅವ್ವ ಆರತಿಯ ತಟ್ಟೆ ಹಿಡಿದು ಪರದೆಯ ಮೇಲೆ ಬಂದಳು. ಮಾವಶಿ ದಿಟ್ಟಿಸಿ ನೋಡಿದರು. "ಇದು ನಮ್ಮಕ್ಕ ಅಲ್ಲಪಾ. ಆಕಿ ಹಿಂಗ ದಪ್ಪ ಎಂದಿದ್ಲು?" ಎಂದುಬಿಟ್ಟರು.

ತಪ್ಪು ನಮ್ಮದೇ. ಪ್ಲೇಯರಿನ ಪಟ್ಟಿಯಲ್ಲಿ 576, 720, 1080 ಎಂಬ ಸಂಖ್ಯೆಗಳಿದ್ದುವು. ದೊಡ್ಡದೇ ಒಳ್ಳೆಯದೆಂದು ಬಗೆದು ನಾವು 1080ನ್ನು ಒತ್ತಿದ್ದೆವು. ವಾಚಕರ ಮನೆಗಳಲ್ಲಿಯೂ ಹೀಗಾಗಬಾರದೆಂದು ನಾವು ಕಲಿತುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಟಿವಿಯ ಚಿತ್ರವೆಂದರೆ ಚುಕ್ಕೆಗಳ ರಂಗೋಲಿ. 1080 ಎಂಬುದು ಮೇಲಿನಿಂದ ಕೆಳಗಿನವರೆಗೆ ಇರುವ ಚುಕ್ಕೆಗಳ ಸಾಲುಗಳ ಲೆಕ್ಕ. ಫುಲ್ ಎಚ್‌ಡಿ ಪರದೆಯಲ್ಲಿ ಸಾಲಿಗೆ 1920ರಂತೆ ಒಟ್ಟು 20,73,600 ಚುಕ್ಕೆಗಳಿರುತ್ತವೆ. 4ಕೆ ಪರದೆಯಲ್ಲಿ 3840 ಮತ್ತು 2160, ಅಂದರೆ ಅದರ ನಾಲ್ಕು ಪಟ್ಟು. 'ಎಚ್‌ಡಿ ರೆಡಿ' ಎಂಬ ಅಗ್ಗದ ಟಿವಿಗಳಲ್ಲಿ ಸಾಮಾನ್ಯವಾಗಿ 1366 ಮತ್ತು 768.

ಮೊದಲನೆಯ ಸೂತ್ರವಿಷ್ಟೆ: ಪರದೆಯಲ್ಲಿ ಎಷ್ಟು ಚುಕ್ಕೆಗಳಿವೆಯೋ ಅಷ್ಟನ್ನೇ ಸೆಟ್‌ಟಾಪ್ ಬಾಕ್ಸಿನಿಂದಲೋ ಲ್ಯಾಪ್‌ಟಾಪಿನಿಂದಲೋ ಕಳುಹಿಸಬೇಕು. ಆಗ ಚುಕ್ಕೆಗೆ ಚುಕ್ಕೆ ಕೂಡುತ್ತದೆ, ಸಣ್ಣ ಅಕ್ಷರಗಳೂ ಸ್ಫುಟವಾಗಿ ಕಾಣುತ್ತವೆ. 768 ಸಾಲುಗಳ ಟಿವಿಗೆ 720 ಆಗಲಿ 1080 ಆಗಲಿ ಸರಿಹೊಂದದು. ಎರಡನ್ನೂ ಇಟ್ಟು ನೋಡಿ, ವಾರ್ತೆಯ ಕೆಳಗೆ ಓಡುವ ಅಕ್ಷರಗಳು ಯಾವುದರಲ್ಲಿ ತಿಳಿಯಾಗಿವೆಯೋ ಅದನ್ನು ಉಳಿಸಿಕೊಳ್ಳುವುದು ಲೇಸು.

ಎರಡನೆಯದು ಆಕಾರ. ಹಳೆಯ ಕ್ಯಾಸೆಟ್ಟುಗಳ ಚಿತ್ರ 4ಕ್ಕೆ 3ರ ಅಳತೆಯದು. 720 ಮತ್ತು 1080 ಎರಡೂ 16ಕ್ಕೆ 9ರವು. ಪ್ಲೇಯರಿಗೆ ತಿಳಿಹೇಳದಿದ್ದರೆ ಅದು ಹಳೆಯ ಚಿತ್ರವನ್ನು ಅಡ್ಡಕ್ಕೆ ಎಳೆದು ಪರದೆ ತುಂಬಿಸಿಬಿಡಬಹುದು. ಆಗ ಮುಖಗಳು ಮೂರನೆಯ ಒಂದು ಪಾಲು ಅಗಲವಾಗುತ್ತವೆ. ಅವ್ವ ದಪ್ಪಗಾದದ್ದು ಹೀಗೆ. ಎರಡು ಪಕ್ಕಗಳಲ್ಲಿಯೂ ಕಪ್ಪು ಪಟ್ಟಿ ಬಿಡುವಂತೆ ಪ್ಲೇಯರಿನಲ್ಲಿ ಆರಿಸಬೇಕು. ಆ ಅನುಕೂಲವಿಲ್ಲದಿದ್ದರೆ 576ಕ್ಕೆ ಇಳಿಸಿ, ಟಿವಿಯ ರಿಮೋಟಿನಲ್ಲಿ 4:3 ಎಂಬುದನ್ನು ಒತ್ತಬೇಕು. ಕಪ್ಪು ಪಟ್ಟಿ ನಷ್ಟವೆಂದು ಮಕ್ಕಳು ಗೊಣಗಬಹುದು. ನಷ್ಟವಾಗುವುದು ಗೋಡೆಯಷ್ಟೆ, ಮುಖವಲ್ಲ.

ಮೂರನೆಯದು ದೂರ. 43 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಒಂದು ಚುಕ್ಕೆ ಸುಮಾರು ಅರ್ಧ ಮಿಲಿಮೀಟರಿನದು. ಐದೂವರೆ ಅಡಿಗಿಂತ ಹಿಂದೆ ಕುಳಿತರೆ ಸಾಧಾರಣ ಕಣ್ಣಿಗೆ ಅವು ಬೇರೆ ಬೇರೆಯಾಗಿ ತೋರವು. ಎಂಟಡಿ ದೂರದಲ್ಲಿ ಕೂರುವವರು 43 ಇಂಚಿಗಾಗಿ 4ಕೆಯ ಚುಕ್ಕೆಗಳಿಗೆಂದೇ ಹೆಚ್ಚು ಹಣ ತೆತ್ತರೆ ಕಣ್ಣಿಗೆ ದಕ್ಕುವ ಲಾಭ ಅಲ್ಪ.

ಒಂದು ಮಾತನ್ನು ಮಾತ್ರ ಮರೆಯಬಾರದು. ಕ್ಯಾಸೆಟ್ಟಿನಲ್ಲಿ ಇಲ್ಲದ ವಿವರವನ್ನು ಎಷ್ಟು ದೊಡ್ಡ ಸಂಖ್ಯೆಯೂ ಹುಟ್ಟಿಸಲಾರದು. ಹಾಲಿಗೆ ನೀರು ಬೆರೆಸಿದರೆ ಪಾತ್ರೆ ತುಂಬೀತು, ಕೆನೆ ಹೆಚ್ಚೀತೆ? ಆದುದರಿಂದ ಡಿವಿಡಿ ಮಾಡಿಸಿಯಾಯಿತೆಂದು ಮೂಲ ಕ್ಯಾಸೆಟ್ಟನ್ನು ಎಸೆಯಬೇಡಿರಿ. ತೇವವಿಲ್ಲದ ಕಡೆ ಜೋಪಾನವಾಗಿಡಿರಿ. ಮುಂಬಯಿಯ ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಹಿಡಿಯಲು ತಡವಾಗದು.

ಆ ಸಂಜೆ 576ಕ್ಕೆ ಇಳಿಸಿ, 4:3 ಒತ್ತಿ, ಮತ್ತೆ ಹಾಕಿದೆವು. ಚಿತ್ರ ಕಿರಿದಾಯಿತು, ಕೊಂಚ ಮಸುಕಾಗಿಯೂ ಇತ್ತು. ಅವ್ವ ಆರತಿಯ ತಟ್ಟೆ ಹಿಡಿದು ಬಂದಳು. ಮಾವಶಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. "ಹಾಂ, ಈಗ ಬಂದ್ಲು ನೋಡು" ಎಂದರು.